ಹಸುವಿಗಾದರೆ ಕೇಳದ ಕಾರಣ

ಗಂಡಿನ ಕಡೆಯವರ ಕಾರು ಇನ್ನೂ ನಮ್ಮ ಬೀದಿ ದಾಟಿರಲಿಲ್ಲ, ನಾನು "ಬೇಡ" ಎಂದೆ. ಉಪ್ಪಿಟ್ಟಿನ ತಟ್ಟೆ ಎತ್ತುತ್ತಿದ್ದ ಅವ್ವ ಅಲ್ಲೇ ನಿಂತಳು.

"ಕೆ.ಆರ್.ಪೇಟೆಲಿ ಸ್ವಂತ ಮನೆ ಐತೆ, ಕೆಲ್ಸ ಐತೆ, ಉಡುಗ್ನೂ ಚೆನ್ನಾಗವ್ನೆ. ಯಾಕ್ ಬ್ಯಾಡ, ಒಂದ್ ಕಾರ್ಣ ಏಳವ್ವ," ಎಂದರು ಅಪ್ಪ.

ನನ್ನ ಬಳಿ ಕಾರಣವಿರಲಿಲ್ಲ. ಹುಡುಗ ತಪ್ಪಾಗಿ ಒಂದು ಮಾತೂ ಆಡಿರಲಿಲ್ಲ. ಅವನೆದುರು ಕೂತಷ್ಟು ಹೊತ್ತೂ ಒಳಗೊಳಗೇ ಮನಸ್ಸು ಬೇಡ ಬೇಡ ಎನ್ನುತ್ತಿತ್ತು, ಅಷ್ಟೇ. ಹಾಗೆಂದಿದ್ದಕ್ಕೆ ಅಪ್ಪ ನಕ್ಕುಬಿಟ್ಟರು. ನನಗೆ ಮೈಯೆಲ್ಲಾ ಉರಿದುಹೋಯಿತು.

ಹಿಂದಿನ ವಾರವಷ್ಟೇ ಇದೇ ಅಪ್ಪ ದೇವಲಾಪುರದ ಕಡೆ ಹಸು ನೋಡಲು ಹೋಗಿ ಬರಿಗೈಲಿ ವಾಪಸಾಗಿದ್ದರು. ಮೈಮೇಲಿನ ಸುಳಿ ಸರಿಯಿತ್ತಂತೆ, ಹಲ್ಲು ಸರಿಯಿತ್ತಂತೆ, ಎದುರಿಗೇ ಹಾಲು ಕರೆಸಿಯೂ ನೋಡಿದ್ದರಂತೆ.

"ಯಾಕೋ ಮನ್ಸು ಒಪ್ನಿಲ್ಲ ಕಣಮ್ಮಿ," ಎಂದು ಅವ್ವನಿಗೆ ಹೇಳಿದ್ದರು. "ಒಪ್ದಿದ್ಮೇಲೆ ಬುಡಿ ಅತ್ಲಾಗೆ," ಎಂದು ಅವ್ವ ಊಟಕ್ಕೆ ಬಡಿಸಿದ್ದಳು. ಮನೆಯಲ್ಲಿ ಒಬ್ಬರೂ ಕಾರಣ ಕೇಳಿರಲಿಲ್ಲ.

"ಆ ಅಸ ಬ್ಯಾಡ ಅಂತ ಬಂದ್ಯಲ್ಲಪ್ಪ, ಆವತ್ತು ನಿನ್ನ ಯಾರಾದ್ರೂ ಕಾರ್ಣ ಕೇಳುದ್ರಾ?" ಎಂದೆ.

ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆ ಕಡೆ ಹೋದರು. ಸಂಜೆ, ಸಂಬಂಧ ತಂದಿದ್ದ ಮಾವನಿಗೆ ತಾವೇ ಫೋನು ಮಾಡಿ ಬೇಡವೆಂದರು.

ಅಂದಿನಿಂದ ಮನಸ್ಸು ಒಪ್ಪದ ಯಾವುದಕ್ಕೂ ನಾನು ಕಾರಣ ಹುಡುಕುತ್ತಾ ಕೂತಿಲ್ಲ. ಆದರೆ ಹೆತ್ತವರೆದುರು ನನ್ನ ಮನಸ್ಸಿನ ಮಾತು ನಡೆಯಲು ಒಂದು ಹಸುವನ್ನು ಸಾಕ್ಷಿಗೆ ಕರೆಯಬೇಕಾಯಿತಲ್ಲ, ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.