ಡೊಂಕು ಬೆನ್ನಿನ ಗೆಂಡೆ

ಭೀಮಸಮುದ್ರದ ಕೆರೆ ಏರಿಯ ಮೇಲೆ ಮೀನು ಮಾರುವ ಅಕ್ಕನ ಹತ್ತಿರ ನಾನು ಯಾವಾಗಲೂ ಪೀಸ್ ಮಾಡಿಸಿಯೇ ತರುತ್ತಿದ್ದೆ. ಕಳೆದ ಭಾನುವಾರ ಜನ ಜಾಸ್ತಿ ಇದ್ದರು. ಕಾಯುವ ತಾಳ್ಮೆ ನನಗೆಲ್ಲಿ? ಒಂದು ದಪ್ಪ ಗೆಂಡೆ ಮೀನನ್ನು ಇಡಿಯಾಗಿಯೇ ಚೀಲಕ್ಕೆ ಹಾಕಿಸಿಕೊಂಡು ಬಂದೆ. ಮನೆಯಲ್ಲಿ ತೊಳೆಯುವಾಗ ನೋಡಿದರೆ ಅದರ ಬೆನ್ನು ಕುಡುಗೋಲಿನಂತೆ ಬಾಗಿತ್ತು. ಸೀಳಿದೆ, ಒಳಗಿನ ನಡುಮುಳ್ಳೂ ಡೊಂಕು.

ಮೀನು ಹಿಡಿದುಕೊಂಡು ವಾಪಸ್ ಏರಿಗೆ ಹೋದೆ.

"ತೋಟಕ್ಕೆ ಹೊಡೆದ ಔಷಧಿ ಮಳೇಲಿ ಕೆರೆಗೆ ಬಂದೈತೆ, ಅದ್ಕೇ," ಅಂದಳು ಅಕ್ಕ.

ಬಲೆ ಬಿಡಿಸುತ್ತಿದ್ದ ಅವಳ ಗಂಡ ಒಪ್ಪಲಿಲ್ಲ. "ಔಷಧಿ ಅಲ್ರಿ. ಬ್ಯಾಸಗೇಲಿ ನೀರು ಕಾದಿತ್ತಲ್ಲ, ಮರಿ ಆಗ್ಲೇ ಸೊಟ್ಟ ಆದ್ವು."

ಹೊಳಲ್ಕೆರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ತಂಗಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಎರಡೂ ಇರಬಹುದು, ರೋಗವೂ ಇರಬಹುದು, ಆಹಾರ ಸಾಲದೆಯೂ ಆಗಿರಬಹುದು, ಬರೀ ನೋಡಿ ಹೇಳಲಾಗದು ಎಂದಳು. ಕೇಳಿದಷ್ಟೂ ನನ್ನ ತಲೆ ಕೆಟ್ಟಿತು.

"ಇಂಥ ಮೀನು ನನಗ್ಯಾಕೆ ಕೊಟ್ಟೆ?" ಎಂದು ಅಕ್ಕನ ಮೇಲೆ ರೇಗಿದೆ.

ಅವಳು ಕತ್ತಿ ಒರೆಸುತ್ತಾ ನನ್ನನ್ನೇ ನೋಡಿದಳು. "ಇಷ್ಟು ವರ್ಷ ಪೀಸ್ ಮಾಡಿಸ್ಕಂಡು ಒಯ್ದಿದ್ದೆಲ್ಲ ನೆಟ್ಟಗಿತ್ತು ಅಂದ್ಕಂಡಿದ್ರೇನ್ರಿ?"