ಮೀನು ಮಾರ್ಕೆಟ್ಟಿನ ಕೂಗು ನುಡಿಸಿದ ಪ್ರೊಫೆಸರ್

ನಾನು ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ರಿಸೆಪ್ಷನಿಸ್ಟ್. ಭಾನುವಾರ ಚರ್ಚಿನ ಕೊಂಕಣಿ ಗಾಯನ ತಂಡದಲ್ಲಿ ಹಾಡುತ್ತೇನೆ. ನಮ್ಮ ಆರ್ಗನ್ ವಾದಕರು ಕೆಲಸ ಬಿಟ್ಟು ಮಂಗಳೂರಿಗೆ ಹೋದಾಗ, ಆಸ್ಪತ್ರೆಯ ಜರ್ಮನ್ ಡಾಕ್ಟರಮ್ಮ, "ನನ್ನ ಅಪ್ಪ ನುಡಿಸುತ್ತಾರೆ. ಮನೆಯಲ್ಲಿ ಕೂತು ನನ್ನ ತಲೆ ತಿನ್ನುತ್ತಿದ್ದಾರೆ, ಕರೆದುಕೊಂಡು ಹೋಗಿ" ಎಂದರು.

ಅವರ ಅಪ್ಪ ಸಾಮಾನ್ಯರಲ್ಲ. ಮಹಡಿ ಮನೆಯಷ್ಟು ಎತ್ತರದ ಕೊಳವೆಗಳಿರುವ ಆರ್ಗನ್‌ಗಳನ್ನು ನುಡಿಸಿದವರು, ಸಂಗೀತ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಟೂರಿಸ್ಟ್ ಕ್ಲಬ್ ಏರಿಯಾದ ಮಗಳ ಫ್ಲಾಟಿಗೆ ಬಂದಿದ್ದರು. ನಮ್ಮ ಎಲೆಕ್ಟ್ರಿಕ್ ಆರ್ಗನ್ನಿಗೆ ಒಂದು ಸುತ್ತು ಬಂದು, "ಕೊಳವೆಗಳು ಎಲ್ಲಿ?" ಎಂದು ಕೇಳಿದರು.

"ಕೊಳವೆ ಮಾಫಿ, ಪ್ರೊಫೆಸರ್," ಎಂದ ನಮ್ಮ ತಂಡದ ದಪ್ಪ ದನಿಯ ಹಾಡುಗಾರ. ಅವನು ಹೋಟೆಲೊಂದರಲ್ಲಿ ಅಡುಗೆಯವನು. "ಪ್ಲಗ್ ಮಾತ್ರ ಉಂಟು."

ಮಾಫಿ ಅಂದರೆ ಅರಬಿಯಲ್ಲಿ 'ಇಲ್ಲ' ಎಂದು ಅವರು ಅಂದೇ ಕಲಿತರು. ಆಮೇಲೆ ನಾವು ಅಪಸ್ವರ ಹಾಡಿದಾಗಲೆಲ್ಲ, "ಸ್ವರ ಮಾಫಿ!" ಎಂದು ಗದರುತ್ತಿದ್ದರು.

ಒಂದು ಶನಿವಾರ ಅವರನ್ನು ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಕರೆದೊಯ್ದೆ. "ತಾಜಾ ತಾಜಾ ಅಂಜಲ್! ಯಲ್ಲಾ, ಯಲ್ಲಾ!" ಎಂದು ಒಬ್ಬ ವ್ಯಾಪಾರಿ, ಬೇಗ ಬನ್ನಿ ಎನ್ನುವುದನ್ನು ಅರಬಿಯಲ್ಲಿ ಸೇರಿಸಿ, ರಾಗವಾಗಿ ಕೂಗುತ್ತಿದ್ದ. ಪ್ರೊಫೆಸರ್ ಅಲ್ಲೇ ನಿಂತುಬಿಟ್ಟರು. ಕಣ್ಣು ಮುಚ್ಚಿ, "ಇನ್ನೊಮ್ಮೆ" ಎಂದರು. ಅವನು ಕೂಗಿದ. "ಇನ್ನೊಮ್ಮೆ." ಇದು ಚೌಕಾಸಿಯ ಹೊಸ ವಿಧಾನವೆಂದುಕೊಂಡ ಅವನು ಕೇಳದೆಯೇ ಬೆಲೆ ಇಳಿಸಿದ.

ಮರುವಾರ ಚರ್ಚಿನಲ್ಲಿ ಒಂದು ಮದುವೆ. ದುಬೈಯಿಂದ ಬರಬೇಕಿದ್ದ ಮದುಮಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಳು. ಮದುಮಗ ಬೆವರುತ್ತಿದ್ದ. ಏನಾದರೂ ನುಡಿಸಿ ಎಂದು ಫಾದರ್ ಕೈಸನ್ನೆ ಮಾಡಿದರು.

ಪ್ರೊಫೆಸರ್ ಮೊದಲು ಆರ್ಗನ್ನಿನ ಕಾಲುಮಣೆಗಳನ್ನು ಪಾದಗಳಿಂದಲೇ ಒತ್ತುತ್ತ ಮಂದ್ರದಲ್ಲಿ ನಿಧಾನವಾಗಿ ಒಂದು ಸಾಲು ನುಡಿಸಿದರು. ಅದನ್ನೇ ಎಡಗೈ ಹಿಡಿಯಿತು, ಅದರ ಬೆನ್ನಟ್ಟಿ ಬಲಗೈ ಹೊರಟಿತು. ಜನ ತಲೆ ಬಾಗಿಸಿದರು, ಕೆಲವರು ಮೊಣಕಾಲೂರಿದರು. ಎಲ್ಲೋ ಕೇಳಿದ್ದೇನಲ್ಲ ಎಂದುಕೊಳ್ಳುವಷ್ಟರಲ್ಲಿ ಆ ಇಳಿಸ್ವರಗಳು ಬಂದವು: ಯಲ್ಲಾ, ಯಲ್ಲಾ!

ನಾನು ಹಾಡಿನ ಪುಸ್ತಕದ ಹಿಂದೆ ಮುಖ ಮರೆಸಿಕೊಂಡೆ. ದಿನವೂ ಅದೇ ಮಾರ್ಕೆಟ್ಟಿಗೆ ಹೋಗುವ ಅಡುಗೆಯವನಿಗೂ ಗೊತ್ತಾಯಿತು. ಅವನ ಹೊಟ್ಟೆ ಕುಲುಕತೊಡಗಿತು. ಕೊನೆಗೂ ಬಂದ ಮದುಮಗಳು ಅಂಜಲ್ ಮೀನಿನ ಮಹಾವೈಭವದ ನಡುವೆ, ಕಣ್ಣೊರೆಸಿಕೊಳ್ಳುತ್ತ ಒಳಗೆ ನಡೆದಳು.

"ಎಂಥ ಭಕ್ತಿ ಮಾರಾಯ್ತಿ! ನನಗೆ ಅಳುವೇ ಬಂತು," ಎಂದರು ಮದುಮಗನ ಅಜ್ಜಿ. "ಅದು ಯಾವ ಸಂತರ ಹಾಡು?"

ನಾನು ಹಾಡಿನ ಪುಸ್ತಕಗಳನ್ನು ಒಟ್ಟುಮಾಡತೊಡಗಿದೆ. ಫಾದರ್ ಮಾತ್ರ ನೇರವಾಗಿ ಪ್ರೊಫೆಸರರನ್ನೇ ಕೇಳಿದರು: "ಜರ್ಮನಿಯ ಹಳೆಯ ಸಂಗೀತವೇ?"

"ಇಲ್ಲ ಫಾದರ್. ಇಲ್ಲಿಯದೇ, ಕಡಲ ಕಡೆಯದು," ಎಂದರು ಅವರು, ಗಂಭೀರವಾಗಿ.

ಕಾರಿನಲ್ಲಿ ಪ್ರೊಫೆಸರೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ವಿದ್ಯಾರ್ಥಿಯಾಗಿದ್ದಾಗ ಪರೀಕ್ಷಕರ ಕೆಮ್ಮನ್ನೇ ರಾಗ ಮಾಡಿ ನುಡಿಸಿ ಫೇಲಾದದ್ದನ್ನು ಅವರು ಹೇಳಿದರು. ಪ್ರೊಫೆಸರಾದ ಮೇಲೆ, ಬೀದಿಯಿಂದ ಒಂದು ರಾಗ ಹಿಡಿದು ತರದ ವಿದ್ಯಾರ್ಥಿಯನ್ನು ತರಗತಿಗೇ ಸೇರಿಸುತ್ತಿರಲಿಲ್ಲವಂತೆ. ಆಮೇಲೆ, "ಹೆಂಡತಿ ಹೋದ ಮೇಲೆ ಇದೆಲ್ಲ ಮುಗಿಯಿತು ಅಂದುಕೊಂಡಿದ್ದೆ," ಎಂದರು.

ಮುಂದಿನ ಅಭ್ಯಾಸದ ದಿನ ಅಡುಗೆಯವನು ಮೆಲ್ಲಗೆ ಆರ್ಗನ್ನಿನ ಪಕ್ಕ ಬಂದು ನಿಂತ. "ಪ್ರೊಫೆಸರ್, ನಮ್ಮ ಹೋಟೆಲಿನ ವಾಷಿಂಗ್ ಮೆಷಿನ್ ಬಟ್ಟೆ ಒಗೆದು ಮುಗಿಸಿದಾಗ ಒಂದು ರಾಗ ಹಾಡ್ತದೆ. ಕೇಳ್ತೀರಾ?"

ಪ್ರೊಫೆಸರ್ ಬಾಗಿಲ ಕಡೆ ನೋಡಿದರು. ಫಾದರ್ ಇರಲಿಲ್ಲ.

"ಹಾಡು," ಎಂದರು.