ಲೋಬಾನದ ವಾಸನೆಯ ಮರಿ

ಹುಬ್ಬಳ್ಳಿಯ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ಸಿಸ್ಟರ್ ಆಗಿದ್ದವಳು ನಾನು. ಐದಕ್ಕೆ ಏಳುವುದು, ಆರಕ್ಕೆ ರೌಂಡ್ಸು, ಪ್ರತಿಯೊಂದನ್ನೂ ಗಂಟೆ ನಿಮಿಷದ ಸಮೇತ ಬರೆದಿಡುವುದು. ನಿವೃತ್ತಿಯಾಗಿ ಪರದೇಶದ ಎವರ್‌ಗ್ರೀನ್ ಬಡಾವಣೆಯ ಮೇಲಿನ ಗುಡ್ಡದ ಈ ಮನೆಗೆ ಬಂದ ಮೇಲೂ ಆ ಅಭ್ಯಾಸ ನನ್ನನ್ನು ಬಿಡಲಿಲ್ಲ.

ಇಲ್ಲಿ ಸೊಸೆ ಏಳು ಅಲ್ಪಾಕಾ ಸಾಕಿದ್ದಾಳೆ. ಒಂಟೆಯ ಬಳಗದ, ಕುರಿಗಿಂತ ಎತ್ತರದ, ಉದ್ದ ಕತ್ತಿನ ಉಣ್ಣೆಯ ಪ್ರಾಣಿ. ಬಂದ ವಾರವೇ ಕೊಟ್ಟಿಗೆಯ ಬಾಗಿಲಿಗೆ ಟೈಮ್‌ಟೇಬಲ್ ಅಂಟಿಸಿದೆ. ಮೊಮ್ಮಗಳು ಓದಿ ನಕ್ಕಳು. "ಅಜ್ಜಿ, ದೇ ಆರ್ ನಾಟ್ ಯುವರ್ ನರ್ಸಸ್." ಏಳೂ ಒಂದೇ ಜಾಗದಲ್ಲಿ ಸಾಲಾಗಿ ಹೋಗಿ ಹಿಕ್ಕೆ ಹಾಕಿ ಬರುತ್ತವೆ. ಅವುಗಳ ಪೈಕಿ ನನಗೆ ಒಪ್ಪಿಗೆಯಾದ ಶಿಸ್ತು ಅದೊಂದೇ.

ಆ ವಸಂತದಲ್ಲಿ ಕಂದು ಬಣ್ಣದ ಹೆಣ್ಣು ಗಬ್ಬವಾಗಿತ್ತು. ಹಿಂದಿನ ಸಲ ಅದರ ಮರಿ ಮೊದಲ ಹಾಲು ಕುಡಿಯದೆ ಎರಡನೆಯ ದಿನ ಸತ್ತಿತ್ತು. ಸೊಸೆ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಈ ಸಲ ಹನ್ನೊಂದು ತಿಂಗಳು ದಾಟಿತು, ಹನ್ನೊಂದೂವರೆಯೂ ಆಯಿತು, ಹೆರಿಗೆಯಿಲ್ಲ. ದಿನ ಹೇಳದ ಬಸುರಿ ನನಗೆ ಆಗದು. ದಿನಕ್ಕೆ ಹತ್ತು ಸಲ ಬೇಲಿಗೆ ಹೋಗುವುದು, ಬರುವುದು. ಕೂತರೆ ಕಾಲು ಅಲುಗುತ್ತಿತ್ತು.

ಒಂದು ಬೆಳಿಗ್ಗೆ ಸೊಸೆ ಸ್ಯಾನ್ ರಮೋನಿನ ಆಫೀಸಿಗೆ ಹೊರಟು ಕಾರಿನ ಗಾಜು ಇಳಿಸಿದಳು. "ಅತ್ತೆ, ಇವತ್ತು ಮೀಟಿಂಗು ತಪ್ಪಿಸೋ ಹಾಗಿಲ್ಲ. ಈದರೆ ಫೋನ್ ಮಾಡಿ. ಮುಟ್ಟಬೇಡಿ, ಸುಮ್ನೆ ನೋಡ್ತಾ ಇರಿ."

"ಸಾವಿರಾರು ಹೆರಿಗಿ ನೋಡೇನಿ. ನನಗ ಹೇಳ್ತಿ ಏನವಾ?"

ಒಂಬತ್ತು ನಲವತ್ತಕ್ಕೆ ಮರಿ ಬಿತ್ತು. ಹೆಣ್ಣು, ಬಿಳಿ. ನಾನು ಸಮಯ ಬರೆದೆ, ಫೋನ್ ಮಾಡಿದೆ. ಅವಳು ಎತ್ತಲಿಲ್ಲ. ಮರಿ ಒದ್ದೆಯಾಗಿ ನಡುಗುತ್ತಿತ್ತು. ತಾಯಿ ಮೂಸಿ, ಮೂಗಿನಲ್ಲಿ ಹ್ಮ್ ಎಂದು ಗುನುಗಿ, ಸುಮ್ಮನೆ ನಿಂತಿತು. ನೆಕ್ಕಲಿಲ್ಲ. ಕರು ಹಾಕಿದ ಹಸು ನೆಕ್ಕದಿದ್ದರೆ ಅದು ಕರುವನ್ನು ಬಿಟ್ಟಿತೆಂದೇ ಅರ್ಥ. ಹತ್ತು ನಿಮಿಷ ಕಾದೆ. ಹನ್ನೊಂದನೆಯದಕ್ಕೆ ಗೇಟು ತೆಗೆದೆ.

ಮರಿಯನ್ನು ಎತ್ತಿದ ಕೂಡಲೇ ತಾಯಿ ನನ್ನ ಸ್ವೆಟರಿನ ಮೇಲೆ ಹಸಿರು ಉಗುಳಿತು. ನಾನು ನಿಲ್ಲಲಿಲ್ಲ. ವರಾಂಡದಲ್ಲಿ ಬಿಸಿನೀರು, ಟವಲು, ಹೇರ್ ಡ್ರೈಯರು. ಆಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಹಿಡಿದೆ. ವಾರ್ಡಿನಲ್ಲಿ ಹೊಗೆ ಹಾಕಲು ಯಾರನ್ನೂ ಬಿಟ್ಟವಳಲ್ಲ ನಾನು. ಆದರೆ ಮನೆಯ ಕೂಸಿಗೆಲ್ಲ ಹಿಡಿದಿದ್ದೇನೆ, ಮೊಮ್ಮಗಳಿಗೂ. ಶೀತ ಹೋಗಬೇಕಲ್ಲ.

ಹತ್ತೂವರೆಗೆ ಮರಳಿ ಬಿಟ್ಟೆ. ಅಷ್ಟರಲ್ಲಿ ಮಾಸು ಬಿದ್ದಿತ್ತು. ಪೂರ್ತಿ ಇದೆಯೇ ಎಂದು ಹರಡಿ ನೋಡಿ, ಚೀಲಕ್ಕೆ ಹಾಕಿ ಗಂಟು ಕಟ್ಟಿ, ಮೇಲೆ ಸಮಯ ಬರೆದು ಬಕೆಟ್ಟಿನಲ್ಲಿಟ್ಟೆ. ನೆಲ ತೊಳೆದೆ. ಎಲ್ಲ ಕ್ರಮವಾಗಿತ್ತು.

ಮರಿ ತಾಯಿಯ ಹೊಟ್ಟೆಯ ಕೆಳಗೆ ಹೋಯಿತು. ತಾಯಿ ಮೂಸಿ, ಹಿಂದಕ್ಕೆ ಸರಿಯಿತು. ಮರಿ ಮತ್ತೆ ಹೋಯಿತು. ಈ ಸಲ ತಾಯಿ ಕಿವಿ ಹಿಂದಕ್ಕೆ ಮಡಚಿ ಒದ್ದಿತು. ಗುನುಗುತ್ತ ಅಂಗಳದ ತುಂಬ ಓಡಾಡಿ ಏನನ್ನೋ ಹುಡುಕತೊಡಗಿತು. ನಾನೂ ಬೇಲಿಯುದ್ದಕ್ಕೂ ಓಡಾಡಿದೆ. ಹನ್ನೊಂದು. ಹನ್ನೊಂದೂಕಾಲು. ಮರಿ ಕಾಲು ಮಡಚಿ ಮಲಗಿತು.

ಹನ್ನೊಂದೂವರೆಗೆ ಸೊಸೆಯ ಫೋನು ಬಂತು. ಮಿಸ್ಡ್ ಕಾಲ್ ನೋಡಿ ಆಗಲೇ ಫ್ರೀವೇ ಹತ್ತಿ ಮನೆಯ ಕಡೆ ಹೊರಟಿದ್ದಳು. ಒಂದೂ ಬಿಡದೆ ಹೇಳಿದೆ.

"ಅತ್ತೆ, ಅಲ್ಪಾಕಾ ಮರಿನ ನೆಕ್ಕಲ್ಲ. ಅದರ ನಾಲಿಗೆ ಅಷ್ಟು ಆಚೆ ಬರಲ್ಲ. ಮೂಸೇ ಗುರುತಿಟ್ಕೊಳ್ಳೋದು."

"ನನಗ ಗೊತ್ತಿದ್ದಿಲ್ಲ."

"ಮಾಸು ಎಲ್ಲಿ? ಬಿಸಾಕಿಬಿಟ್ರಾ?"

"ಚೀಲದಾಗ ಐತಿ. ಟೈಮ್ ಬರದಿಟ್ಟೇನಿ."

"ಟೈಮ್ ಬರ್ದಿದೀರಾ," ಎಂದಳು. ನಗುವೋ ಅಳುವೋ ತಿಳಿಯಲಿಲ್ಲ. "ಸರಿ. ಅದನ್ನ ತೆಗೆದು ಮರಿಗೆ ಪೂರ್ತಿ ಸವರಿ. ತಲೆಗೆ, ಬೆನ್ನಿಗೆ, ಬಾಲದ ಹತ್ರ ಜಾಸ್ತಿ. ಕೈ ಮಾತ್ರ ತೊಳೀಬೇಡಿ, ಸೋಪಿನ ವಾಸನೆ ಸೇರುತ್ತೆ. ಅದು ಕುಡಿಯೋವರೆಗೂ ಹಾಗೇ ಇರಿ."

ಗಂಟು ಬಿಚ್ಚಿದೆ. ಅರ್ಧ ಗಂಟೆ ತಿಕ್ಕಿ ಒಣಗಿಸಿದ ಬಿಳಿ ಉಣ್ಣೆಗೆ ಆ ರಕ್ತ, ಆ ಲೋಳೆಯನ್ನು ನನ್ನ ಕೈಯಿಂದಲೇ ಸವರಿದೆ. ಲೋಬಾನದ ವಾಸನೆ ಇನ್ನೂ ಕುತ್ತಿಗೆಯ ಹತ್ತಿರ ಬರುತ್ತಿತ್ತು, ಅಲ್ಲಿ ಎರಡು ಸಲ ಸವರಿದೆ. ಆಮೇಲೆ ಬೇಲಿಯ ಆಚೆ ಬಂದು ಎರಡೂ ಕೈ ಮುಂದೆ ಚಾಚಿಕೊಂಡು ನಿಂತೆ. ರಕ್ತ ಒಣಗಿ ಚರ್ಮ ಬಿಗಿದುಕೊಂಡಿತು, ನೊಣ ಬಂದವು. ನಲ್ಲಿ ನಾಲ್ಕೇ ಹೆಜ್ಜೆ ದೂರವಿತ್ತು. ಕೈಗಡಿಯಾರ ನೋಡಲು ಸ್ವೆಟರಿನ ತೋಳು ಸರಿಸುವಂತೆಯೂ ಇರಲಿಲ್ಲ. ಎಷ್ಟು ಹೊತ್ತಾಯಿತೆಂದು ನನಗೆ ತಿಳಿಯದೆ ಹೋದ ಸಮಯ ಅದೊಂದೇ ಇರಬೇಕು.

ತಾಯಿ ಬಂತು. ಬಾಲದ ಹತ್ತಿರ ಮೂಸಿತು, ಬೆನ್ನು ಮೂಸಿತು, ಕುತ್ತಿಗೆಗೆ ಬಂದು ತಡೆದು ನಿಂತಿತು. ಮತ್ತೆ ಬಾಲಕ್ಕೆ ಹೋಯಿತು. ಗುನುಗು ಸಣ್ಣಗಾಯಿತು. ಮರಿ ತಡವರಿಸಿ ಎದ್ದು ಮುಂಗಾಲಿನ ನಡುವೆ ಹುಡುಕಿತು, ಅಲ್ಲೇನೂ ಇಲ್ಲ, ನಂತರ ಹಿಂದಿನ ಕೆಚ್ಚಲಿಗೆ ಬಂತು. ತಾಯಿ ಕದಲಲಿಲ್ಲ. ಮರಿಯ ಬಾಲ ಮೇಲಕ್ಕೆ ಮಡಚಿ ಅಲುಗಿತು.

ಸೊಸೆಯ ಕಾರು ಬಂದಾಗಲೂ ನಾನು ಹಾಗೆಯೇ ನಿಂತಿದ್ದೆ. ಅವಳು ಚಪ್ಪಲಿಯಿಲ್ಲದೆ ಓಡಿ ಬಂದು, ಬೇಲಿ ಹಿಡಿದು ಮರಿಯನ್ನು ನೋಡಿದಳು. ಬಹಳ ಹೊತ್ತಿನ ಮೇಲೆ ನನ್ನ ಕೈ ನೋಡಿದಳು.

"ಕುಡೀತಲ್ಲ ಅತ್ತೆ. ಹೋಗಿ, ಇನ್ನು ಕೈ ತೊಳ್ಕೊಳ್ಳಿ."

"ಇನ್ನೊಮ್ಮಿ ಕುಡೀಲಿ ತಡಿ," ಎಂದೆ.